ಸಂಗೀತ ನಾಟಕ: ಧಾಟಿ ಮತ್ತು ಕಂಠ

ಅಣ್ಣಾಸಾಹೇಬ ಕಿರ್ಲೋಸ್ಕರರು (1843–1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರೆಂಬ ಸಂಗತಿಯನ್ನು ಹೊರನಾಡ ಕನ್ನಡಿಗರು ಅಭಿಮಾನದಿಂದ ಸ್ಮರಿಸುವುದುಂಟು. ಅಭಿಮಾನ ಸಹಜವಾದುದೇ. ಆದರೆ ಮರಾಠಿಯಲ್ಲಿ ಬರೆದು ಮರಾಠಿ ರಂಗಭೂಮಿಗೆ ರೂಪುಕೊಟ್ಟ ನಾಟಕಕಾರರನ್ನು ಹುಟ್ಟೂರೊಂದರ ಬಲದಿಂದ ‘ನಮ್ಮವರು’ ಎಂದು ಸಾರುವುದರಿಂದ ಕನ್ನಡ ಸಂಶೋಧನೆಗೆ ದಕ್ಕುವುದು ಅತ್ಯಲ್ಪ. ಅವರು ಕನ್ನಡದಿಂದ ಪಡೆದದ್ದೇನು, ಪಡೆದದ್ದು ಮುಂದೆ ಏನಾಯಿತು ಎಂಬುದು ಕೇಳಬೇಕಾದ ಪ್ರಶ್ನೆ.

ಪುಣೆಯಲ್ಲಿ 1880ರಲ್ಲಿ ‘ಸಂಗೀತ ಶಾಕುಂತಲ’ ರಂಗವೇರಿತು; 1882ರಲ್ಲಿ ‘ಸಂಗೀತ ಸೌಭದ್ರ’ ಬಂದಿತು. ಪಾಶ್ಚಾತ್ಯ ಒಪೆರಾದಲ್ಲಿ ಸಾಮಾನ್ಯವಾಗಿ ಪದ ರಚಿಸುವವನು ಬೇರೆ, ಸ್ವರ ಸಂಯೋಜಿಸುವವನು ಬೇರೆ. ವೆರ್ದಿಯ ‘ಒಟೆಲ್ಲೊ’ಗೆ (1887) ಮಾತು ಒದಗಿಸಿದವನು ಬೊಯಿಟೊ. (ವಾಗ್ನರ್ ಎರಡನ್ನೂ ತಾನೇ ಮಾಡಿದನೆಂಬುದು ಅಪವಾದ.) ಕಿರ್ಲೋಸ್ಕರರ ಮಾರ್ಗ ಇವೆರಡಕ್ಕೂ ಹೊರತು. ಪದ ಅವರದು, ಧಾಟಿ ಬಹುಮಟ್ಟಿಗೆ ಜನರ ಕಿವಿಯಲ್ಲಿ ಆಗಲೇ ನೆಲೆಸಿದ್ದುದು. ಸಾಕಿ, ದಿಂಡಿ, ಲಾವಣಿಗಳ ಜೊತೆಗೆ ಕನ್ನಡ ಹಾಡುಗಳ ಧಾಟಿಗಳನ್ನೂ ಅವರು ನಿಸ್ಸಂಕೋಚವಾಗಿ ಬಳಸಿಕೊಂಡರು. ಹಳೆಯ ಮುದ್ರಿತ ನಾಟಕಗಳಲ್ಲಿ ಪದದ ಮೇಲೆ ‘ಚಾಲ್’ ಎಂದು ಮೂಲಧಾಟಿಯನ್ನು ಸೂಚಿಸುವ ರೂಢಿಯಿದೆ. ಸಾಹಿತ್ಯದ ಓದುಗ ಅದನ್ನು ದಾಟಿ ಹೋಗುತ್ತಾನೆ. ಸಂಶೋಧಕನಿಗಾದರೋ ಆ ಒಂದು ಸಾಲು ಶಾಸನಕ್ಕೆ ಸಮಾನ. ಎರಡು ಭಾಷೆಗಳು ಕೂಡಿ ಹಾಡಿದ ಕಾಲದ ಸಾಕ್ಷ್ಯ ಅಲ್ಲಿದೆ.

ಈ ಧಾಟಿಗಳು ಸ್ಥಿರವಾಗಿ ಉಳಿಯಲಿಲ್ಲ. 1911ರ ‘ಮಾನಾಪಮಾನ’ಕ್ಕೆ ಗೋವಿಂದರಾವ್ ಟೆಂಬೆಯವರೂ 1916ರ ‘ಸ್ವಯಂವರ’ಕ್ಕೆ ಭಾಸ್ಕರಬುವಾ ಬಖಲೆಯವರೂ ಸಂಗೀತವನ್ನು ಅಳವಡಿಸಿದಾಗ ಖಯಾಲು, ಠುಮರಿಗಳ ಬಂದಿಶುಗಳು ಮುನ್ನೆಲೆಗೆ ಬಂದವು, ದೇಶೀ ಧಾಟಿ ಹಿಂದೆ ಸರಿಯಿತು. ಗಾಯನ ಎತ್ತರಕ್ಕೇರಿತು, ನಿಜ. ಆದರೆ ‘ಒನ್ಸ್ ಮೋರ್’ ಕೂಗುಗಳ ನಡುವೆ ಕಥೆ ಕುಂಟತೊಡಗಿತು ಎಂಬುದನ್ನೂ ಮರೆಯಲಾಗದು.

ಮೊದಲು ಧಾಟಿ ಕೊಟ್ಟ ಕನ್ನಡ ನಾಡು ಈ ಹಂತದಲ್ಲಿ ಕಂಠ ಕೊಟ್ಟಿತು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಕುಂದಗೋಳದ ರಾಮಭಾವು (1886–1952) ಮರಾಠಿ ರಂಗದ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರಾದರು. ‘ಸವಾಯಿ ಗಂಧರ್ವ’ ಎಂಬ ಬಿರುದೇ ಅವರ ಹೆಸರಾಯಿತು. ಅವರು ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿಯವರ ಗುರುಗಳು. ಮಲ್ಲಿಕಾರ್ಜುನ ಮನಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಇಂಥವರ ಜೀವನಚರಿತ್ರೆ ಬರೆಯುವಾಗ ನಾಟಕದ ವರ್ಷಗಳನ್ನು ಹೊಟ್ಟೆಪಾಡಿನ ಪೂರ್ವರಂಗವೆಂದು ಎರಡು ಪುಟಗಳಲ್ಲಿ ಮುಗಿಸುವ ಚಾಳಿ ಒಪ್ಪತಕ್ಕದ್ದಲ್ಲ. ಪಾತ್ರದ ದುಃಖವನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಿಸಬೇಕಾದ ಕಂಠ ಮುಂದೆ ಖಯಾಲಿನಲ್ಲಿ ಪದದ ಅರ್ಥವನ್ನು ಹೇಗೆ ನಡೆಸಿಕೊಂಡಿತು ಎಂಬುದು ಸಂಗೀತಶಾಸ್ತ್ರಜ್ಞರಷ್ಟೇ ಕನ್ನಡ ವಿದ್ಯಾರ್ಥಿಗಳೂ ಕೇಳಬೇಕಾದ ಮಾತು.

ಮುಂಬಯಿ, ಪುಣೆಗಳ ಕನ್ನಡ ವಿದ್ಯಾರ್ಥಿಗೆ ಎರಡು ಭಾಷೆಗಳೂ ಬರುತ್ತವೆ. ಧಾರವಾಡದಲ್ಲಿ ಕುಳಿತವನಿಗೆ ಸುಲಭವಾಗಿ ಸಿಗದ ಹಳೆಯ ಮರಾಠಿ ಮುದ್ರಣಗಳು ಇವನ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ‘ಸೌಭದ್ರ’ವೊಂದರ ಚಾಲುಗಳನ್ನೇ ಪಟ್ಟಿಮಾಡಿ, ಕನ್ನಡದಿಂದ ಹೋದವುಗಳ ಮೂಲ ಹಾಡುಗಳನ್ನು ಹುಡುಕಹೊರಟರೂ ಒಂದು ಪ್ರಬಂಧಕ್ಕೆ ಸಾಲುವಷ್ಟು ಕೆಲಸವಿದೆ. ಮುದ್ರಣದಲ್ಲಿ ಸಿಗದ ಹಾಡಿಗೆ ಬೆಳಗಾವಿ, ಧಾರವಾಡ ಸೀಮೆಯ ವೃದ್ಧರ ಬಳಿಗೇ ಹೋಗಬೇಕು, ಅದೂ ತಡಮಾಡದೆ.