ಮೂರು ದಿನದ ಮಲ್ಪೆ

ಮೂರು ದಿನ ರಜೆ. ಶುಕ್ರ, ಶನಿ, ಭಾನು. ಗುರುವಾರ ಸಂಜೆ ರೈಲು ಹತ್ತಿ ಸೋಮವಾರ ಬೆಳಗ್ಗೆ ವಾಪಸ್ ಬಂದು, ಸ್ನಾನ ಮಾಡಿ ಲಾಗಿನ್ ಆಗೋದು. ನಮ್ಮಲ್ಲಿ ಬಹಳ ಜನರ ರಜೆ ಇಷ್ಟೇ ಉದ್ದ ಇರುತ್ತೆ ಅಂತ ಗೊತ್ತು, ಅದಕ್ಕೇ ಈ ಸಲದ ಅಂಕಣಕ್ಕೆ ಈ ವಿಷಯ.

ಈ ಸಲ ಜೊತೆಗೆ ಬರ್ತಿರೋದು ಅಮ್ಮ. ಹಾಸನದ ಹತ್ತಿರದ ನಮ್ಮೂರಲ್ಲಿ ನಾಲ್ಕು ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದರು. ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸೋದು, ಐದಕ್ಕೆ ಮಾತ್ರೆ, ಏಳಕ್ಕೆ ಗಂಜಿ. ಆ ನಾಲ್ಕು ವರ್ಷದಲ್ಲಿ ಅಮ್ಮ ಒಂದು ಮದುವೆಗೂ ಪೂರ್ತಿ ಕೂತು ಊಟ ಮಾಡಿ ಬಂದಿಲ್ಲ. ಫೆಬ್ರವರಿಯಲ್ಲಿ ಅಜ್ಜಿ ಹೋದರು. ಈಗಲೂ ಅಮ್ಮ ಎರಡು ಗಂಟೆಗೆ ಏಳ್ತಾರೆ. ಎದ್ದು ಏನು ಮಾಡ್ತೀಯಮ್ಮಾ ಅಂದ್ರೆ, 'ಏನಿಲ್ಲ, ಪಾತ್ರೆ ಜೋಡಿಸ್ತೀನಿ' ಅಂತಾರೆ.

ಹಾಗಾಗಿ ನನಗೆ ಬೇಕಾಗಿದ್ದು ಏನೂ ಮಾಡೋಕೆ ಕೆಲಸವೇ ಇಲ್ಲದ ಜಾಗ. ಆದರೆ ತೀರಾ ಏನೂ ಇಲ್ಲದಿದ್ದರೆ ಅಮ್ಮ ಮೊದಲ ದಿನವೇ ಹೋಂಸ್ಟೇ ಅಡುಗೆಮನೆ ತೊಳೆದುಬಿಡ್ತಾರೆ. ಅವರಿಗೆ ಸುಮ್ಮನೆ ನೋಡೋಕೆ ಏನಾದ್ರೂ ಬೇಕು, ಅದೂ ಬೇರೆಯವರು ಮಾಡೋ ಕೆಲಸ ಆಗಿರಬೇಕು. ರೆಸಾರ್ಟಿನಲ್ಲಿ ಅದು ಸಿಗಲ್ಲ. ಗೋವಾ ನಮಗಲ್ಲ. ಗೋಕರ್ಣ ಚೆನ್ನಾಗಿದೆ, ಆದರೆ ಲಾಂಗ್ ವೀಕೆಂಡ್ ಅಂದ್ರೆ ಅರ್ಧ ಬೆಂಗಳೂರು ಅಲ್ಲೇ ಇರುತ್ತೆ. ಆಫೀಸಿನವರೇ ಸಿಕ್ಕಿಬಿಟ್ಟರೆ ಅದೆಂಥಾ ರಜೆ? ಮಲ್ಪೆ ಹಾಗಲ್ಲ. ಅಲ್ಲೂ ಪ್ರವಾಸಿಗರು ಬರ್ತಾರೆ, ಬೀಚಿನಲ್ಲಿ ಐಸ್‌ಕ್ರೀಮು, ಒಂಟೆ, ಜೆಟ್ ಸ್ಕೀ ಎಲ್ಲ ಉಂಟು. ಆದರೆ ಊರು ನಡೆಯೋದು ಮೀನಿನ ಮೇಲೆ. ನೀವು ಹೋದರೂ ಹೋಗದಿದ್ದರೂ ಬೆಳಗಿನ ಜಾವ ಬೋಟು ಬರುತ್ತೆ, ಹರಾಜು ಆಗುತ್ತೆ, ಐಸ್ ಲಾರಿ ನಿಲ್ಲುತ್ತೆ.

ಮೊದಲು ಯಾವಾಗ ಹೋಗೋದು ಅನ್ನೋದು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡೋ ಕಾಲ, ಕಡಲೂ ಹುಚ್ಚೆದ್ದಿರುತ್ತೆ. ಆಗ ಬಂದರಿಗೆ ಹೋದರೆ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರೋದು ಕಾಣುತ್ತೆ. ಕೆಲವರು ಬಲೆ ಹೊಲೀತಾ ಕೂತಿರ್ತಾರೆ. ಅದೂ ನೋಡೋ ಹಾಗಿರುತ್ತೆ ನಿಜ, ಆದರೆ ನೀರಿಗೆ ಇಳಿಯೋ ಹಾಗಿಲ್ಲ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ದೋಣಿಗಳೂ ಮಳೆಗಾಲದಲ್ಲಿ ಬಂದ್. ಏಪ್ರಿಲ್-ಮೇ ಸೆಕೆಗೆ ಹಾಸನದವರು ಬೆಂದುಹೋಗ್ತೀವಿ. ನವೆಂಬರಿಂದ ಫೆಬ್ರವರಿ ಸರಿ. ಅದರಲ್ಲೂ ಕ್ರಿಸ್‌ಮಸ್-ಹೊಸವರ್ಷದ ವಾರ ಬಿಡಿ. ರೂಮಿನ ಬಾಡಿಗೆ ಕೇಳಿದರೇ ಸುಸ್ತು. ಸಮವರ್ಷ ಆದರೆ ಜನವರಿ 18ರ ಆಸುಪಾಸು ಉಡುಪಿಯಲ್ಲಿ ಪರ್ಯಾಯ ಇರುತ್ತೆ, ಅದನ್ನೇ ನೋಡೋಕೆ ಹೋಗೋದಾದರೆ ಹೋಗಿ, ವಿಶ್ರಾಂತಿಗೆ ಬೇಡ. ನಾನು ಹಿಡಿದಿರೋದು ಡಿಸೆಂಬರ್ ಮೊದಲ ವಾರ.

ರೈಲು ಪಂಚಗಂಗಾ ಎಕ್ಸ್‌ಪ್ರೆಸ್, ಬೆಂಗಳೂರು-ಕಾರವಾರ. ಸಂಜೆ ಹೊರಟು ಬೆಳಗಿನ ಜಾವ ಉಡುಪಿ. ಇದರಲ್ಲಿ ನನಗೆ ಇನ್ನೊಂದು ಅನುಕೂಲ ಇದೆ: ನಾನು ಬೆಂಗಳೂರಲ್ಲಿ ಹತ್ತಿದರೆ ಅಮ್ಮ ಹಾಸನದಲ್ಲಿ ಹತ್ತಬಹುದು, ತಮ್ಮ ಸ್ಟೇಷನ್‌ವರೆಗೆ ಬಿಡ್ತಾನೆ. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ (ಹಿಂದೆ 120 ಇತ್ತು), ಸ್ಲೀಪರ್ ಬೇಗ ತುಂಬುತ್ತೆ. ಅಮ್ಮನಿಗೆ ಲೋವರ್ ಬರ್ತ್ ಬೇಕು ಅಂತ ಬುಕ್ ಮಾಡುವಾಗಲೇ ಹಾಕಿ. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿ ರಾತ್ರಿ ಹೊತ್ತು ದಾಟುತ್ತೆ, ಏನೂ ಕಾಣಲ್ಲ, ಆದರೆ ಸುರಂಗದೊಳಗೆ ಹೋದಾಗ ಸದ್ದು ಬದಲಾಗುತ್ತೆ. ನಿದ್ದೆ ಬರದವರಿಗೆ ಅದೊಂದು ಲೆಕ್ಕ ಸಿಗುತ್ತೆ. ಉಡುಪಿ ಸ್ಟೇಷನ್ ಇರೋದು ಇಂದ್ರಾಳಿಯಲ್ಲಿ, ಅಲ್ಲಿಂದ ಆಟೋ. ಊರಿಂದ ಮಲ್ಪೆಗೆ ಸಿಟಿ ಬಸ್ಸುಗಳೂ ಓಡ್ತಾನೇ ಇರ್ತವೆ, ಆರು ಕಿಲೋಮೀಟರ್ ಅಷ್ಟೇ.

ಉಳಿಯೋಕೆ ಬೀಚಿನ ಎದುರಿನ ಹೋಟೆಲ್ ನೋಡಿದೆ, ಬಿಟ್ಟೆ. ಮಲ್ಪೆಯಿಂದ ಸೇತುವೆ ದಾಟಿದರೆ ಪಡುಕೆರೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ತೋಟ, ಒಂದು ರಸ್ತೆ, ಎರಡು ಸಾಲು ಮನೆ. ಉತ್ತರಕ್ಕೆ ಹೋದರೆ ಕೋಡಿಬೆಂಗ್ರೆ, ಸ್ವರ್ಣಾ-ಸೀತಾ ನದಿಗಳು ಕಡಲು ಸೇರೋ ಜಾಗ. ಅದಿನ್ನೂ ಚೆಂದ, ಆದರೆ ಬಂದರಿಗೆ ದೂರ. ಪಡುಕೆರೆಯ ಒಂದು ಹೋಂಸ್ಟೇಗೆ ಫೋನ್ ಮಾಡಿದೆ. ಅಲ್ಲಿ ಏನೇನು ಆಕ್ಟಿವಿಟಿ ಇದೆ ಅಂತ ಅಭ್ಯಾಸಬಲದಿಂದ ಕೇಳಿದೆ.

'ಇಲ್ಲಿ ಎಂತದ್ದೂ ಇಲ್ಲ ಮಾರಾಯ್ರೆ. ಕಡಲು ಉಂಟು. ಅಷ್ಟೇ.'

ಆ ಕ್ಷಣಕ್ಕೇ ಅಡ್ವಾನ್ಸ್ ಕಳಿಸಿದೆ.

ನಿಜವಾದ ಕಷ್ಟ ಆಮೇಲೆ ಶುರುವಾಯ್ತು. ಅಮ್ಮನ ಪಟ್ಟಿ ಬಂತು. ಕೊಲ್ಲೂರು, ಮುರ್ಡೇಶ್ವರ, ಆನೆಗುಡ್ಡೆ, ಶೃಂಗೇರಿ, ಹೊರನಾಡು, ಬರೋವಾಗ ಧರ್ಮಸ್ಥಳ, 'ಹೇಗೂ ಅಷ್ಟು ದೂರ ಹೋಗಿರ್ತೀವಲ್ಲ.' ಉಡುಪಿಯಿಂದ ಕೊಲ್ಲೂರೇ 75 ಕಿಲೋಮೀಟರ್ ಹತ್ತಿರ, ಮುರ್ಡೇಶ್ವರ 100. ಹೀಗೆ ಹೋದರೆ ಮೂರು ದಿನವೂ ಟ್ಯಾಕ್ಸಿಯಲ್ಲಿ. ಆದರೆ ಇದರಲ್ಲಿ ಭಕ್ತಿ ಎಷ್ಟೋ, 'ಸುಮ್ಮನೆ ಕೂರೋಕೆ ದುಡ್ಡು ಖರ್ಚು ಮಾಡೋದಾ' ಅನ್ನೋ ಸಂಕೋಚವೂ ಅಷ್ಟೇ ಇದೆ. ದೇವರ ಕೆಲಸ ಅಂದ್ರೆ ಮನೆ ಬಿಟ್ಟು ಬರೋಕೆ ಒಂದು ಕಾರಣ ಸಿಗುತ್ತೆ. ಆ ತಲೆಮಾರಿನ ಹೆಂಗಸರಿಗೆ ಯಾರೂ ಬೇರೆ ಕಾರಣಕ್ಕೆ ಊರು ಬಿಡೋದನ್ನ ಕಲಿಸಿಲ್ಲ. ಹಾಗಾಗಿ ಪಟ್ಟಿ ಹರಿದುಹಾಕೋ ಬದಲು ಚೌಕಾಸಿಗೆ ಇಳಿದೆ.

ನನ್ನ ವಾದ ಇಷ್ಟು. ಉಡುಪಿ ಕೃಷ್ಣ ಬಂದಿದ್ದೇ ಮಲ್ಪೆ ಕಡಲಿನಿಂದ ಅಂತ ಪ್ರತೀತಿ. ಬಿರುಗಾಳಿಗೆ ಸಿಕ್ಕಿದ ಹಡಗನ್ನ ಮಧ್ವಾಚಾರ್ಯರು ದಡ ಸೇರಿಸಿದರು, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ ಇದ್ದ ಅನ್ನೋ ಕಥೆ ಅಮ್ಮನಿಗೇ ಗೊತ್ತು. ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿ, ಕಡಲಿಗೆ ನಡೆದು ಹೋಗೋಷ್ಟು ಹತ್ತಿರ. 'ಅಣ್ಣ ಇಲ್ಲಿ, ತಮ್ಮ ಆರು ಕಿಲೋಮೀಟರ್ ದೂರದಲ್ಲಿ. ಇಬ್ಬರನ್ನೂ ನೋಡೋಣ. ಉಳಿದವರನ್ನ ಇನ್ನೊಂದ್ಸಲ.' ಅಮ್ಮ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ, 'ಕೊಲ್ಲೂರು ಒಂದು ಇರಲಿ' ಅಂದರು. ಇನ್ನೂ ಮಾತುಕತೆ ನಡೀತಿದೆ.

ಸದ್ಯಕ್ಕೆ ಒಪ್ಪಿಗೆ ಆಗಿರೋದು ಹೇಳ್ತೀನಿ. ಶುಕ್ರವಾರ ಏನೂ ಇಲ್ಲ. ಬೆಳಗ್ಗೆ ತಲುಪಿ, ನೀರ್‌ದೋಸೆ ತಿಂದು ಮಲಗೋದು, ಸಂಜೆ ಮನೆ ಮುಂದಿನ ಮರಳಲ್ಲಿ ಕೂರೋದು. ಶನಿವಾರ ಬೆಳಕು ಹರಿಯೋ ಹೊತ್ತಿಗೆ ಬಂದರು. ಇದು ನಾನು ಅಮ್ಮನಿಗೋಸ್ಕರವೇ ಇಟ್ಟಿದ್ದು. ಆಳಸಮುದ್ರಕ್ಕೆ ಹೋದ ಬೋಟುಗಳು ಎಂಟು-ಹತ್ತು ದಿನ ಆದ ಮೇಲೆ ಬಂದಿರ್ತವೆ, ಬುಟ್ಟಿ ಬುಟ್ಟಿ ಇಳಿಸ್ತಾರೆ, ಹರಾಜಿನ ಕೂಗು, ಹೆಂಗಸರು ರಾಶಿ ಮುಂದೆ ನಿಂತು ಕ್ಷಣದಲ್ಲಿ ಲೆಕ್ಕ ಹಾಕ್ತಾರೆ. ಮೊಗವೀರ ಹೆಂಗಸರ ಆ ವ್ಯಾಪಾರ ಒಂದ್ಸಲ ನೋಡಿ. ನಮ್ಮ ಕಂಪನಿಯ ಸೇಲ್ಸ್ ಟ್ರೇನಿಂಗ್‌ನಲ್ಲಿ ಅಂಥದ್ದೇನೂ ಹೇಳಿಕೊಡಲ್ಲ. ಹೋಗೋದಾದರೆ ಹಳೇ ಚಪ್ಪಲಿ ಹಾಕ್ಕೊಳ್ಳಿ, ನೆಲವೆಲ್ಲ ಮೀನು ನೀರು. ದಾರಿಗೆ ಅಡ್ಡ ನಿಂತು ರೀಲ್ಸ್ ಮಾಡಬೇಡಿ. ಅವರಿಗೆ ಅದು ಆಫೀಸು. ಮುಖದ ಫೋಟೊ ಬೇಕಿದ್ದರೆ ಕೇಳಿ ತೆಗೀರಿ.

ನಮ್ಮ ಕಡೆ ಮೀನು ಅಂದ್ರೆ ಕೆರೆ ಮೀನು, ಕಾಟ್ಲಾ, ರೋಹು, ಮುದ್ದೆ ಜೊತೆ ಸಾರು. ಬೂತಾಯಿ, ಬಂಗುಡೆ, ಕಾಣೆ, ಅಂಜಲ್, ಮಾಂಜಿ ಇವೆಲ್ಲ ಅಮ್ಮನಿಗೆ ಹೊಸ ಹೆಸರು. ಕಿವಿರು ಕೆಂಪಗಿರಬೇಕು, ಕಣ್ಣು ಮಂಕಾಗಿರಬಾರದು ಅನ್ನೋದು ಕೆರೆ ಮೀನಿಗೂ ಕಡಲ ಮೀನಿಗೂ ಒಂದೇ, ಅದರಲ್ಲಿ ಅಮ್ಮನನ್ನ ಯಾರೂ ಮೋಸ ಮಾಡೋಕಾಗಲ್ಲ. ಹೋಂಸ್ಟೇಯವರಿಗೆ ಮೊದಲೇ ಹೇಳಿದ್ದೀನಿ: ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಅಮ್ಮ ಕೇಳಿದರೂ ಒಲೆ ಮುಂದೆ ಬಿಡಬೇಡಿ. 'ಅದು ಹೇಗೆ ಆಗ್ತದೆ? ಅವರು ಬಂದು ಮಾತಾಡ್ಲಿ, ಕೆಲಸ ನಾನು ಕೊಡುದಿಲ್ಲ' ಅಂದರು ಆ ಅಕ್ಕ.

ದ್ವೀಪದ ವಿಷಯ ಭಾನುವಾರಕ್ಕೆ ಬಿಟ್ಟಿದ್ದೀನಿ, ಅದೂ ಅಮ್ಮನ ಮೊಣಕಾಲು ನೋಡಿಕೊಂಡು. ಸೇಂಟ್ ಮೇರೀಸ್‌ನಲ್ಲಿ ಕಂಬ ಕಂಬವಾಗಿ ನಿಂತಿರೋ ಕಲ್ಲು, ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗೋ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆಗಿದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದ ಅಂತಲೂ ಹೇಳ್ತಾರೆ. ಅಲ್ಲಿ ಉಳಿಯೋ ಹಾಗಿಲ್ಲ, ಹೋಗಿ ಒಂದೆರಡು ಗಂಟೆ ಸುತ್ತಿ ವಾಪಸ್. ನೆರಳು ಕಡಿಮೆ, ಹಾಗಾಗಿ ಬೆಳಗಿನ ಮೊದಲ ದೋಣಿಗಳೇ ಒಳ್ಳೇದು. ದೋಣಿ ಹತ್ತಿ ಇಳಿಯೋದು ಅಮ್ಮನಿಗೆ ಕಷ್ಟ ಅನಿಸಿದರೆ ಬಿಡ್ತೀವಿ. ಬದಲಿಗೆ ಕಾಪು ದೀಪಸ್ತಂಭ, 1901ರದ್ದು, ಬಂಡೆ ಮೇಲೆ ನಿಂತಿದೆ. ಅದನ್ನ ಹತ್ತದೆ ಕೆಳಗಿಂದಲೇ ನೋಡಬಹುದು.

ಹುಣ್ಣಿಮೆ-ಅಮಾವಾಸ್ಯೆ ಹತ್ತಿರ ಇದ್ದರೆ ಉಬ್ಬರ ಜಾಸ್ತಿ, ಕ್ಯಾಲೆಂಡರ್ ನೋಡಿಕೊಳ್ಳಿ. ಜೀವರಕ್ಷಕರು ಬೇಡ ಅಂದ ಕಡೆ ನೀರಿಗೆ ಇಳಿಯಬೇಡಿ; ಈಜು ಬರುತ್ತೆ ಅನ್ನೋದು ಈಜುಕೊಳದ ಮಾತು. ಹತ್ತಿ ಬಟ್ಟೆ, ಟೋಪಿ, ಅಮ್ಮನ ಬಿಪಿ ಮಾತ್ರೆ, ಒಂದು ಟವೆಲ್ ಹೆಚ್ಚಿಗೆ. ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತೆ, ಮ್ಯಾನೇಜರಿಗೆ ಹೇಳಿಯೂ ಆಗಿದೆ. ಇಬ್ಬರಿಗೆ ಎಲ್ಲ ಸೇರಿ ಹತ್ತು-ಹನ್ನೆರಡು ಸಾವಿರಕ್ಕೆ ಮುಗಿಸೋ ಅಂದಾಜು ನನ್ನದು. ಅಮ್ಮನಿಗೆ ಆರು ಅಂತ ಹೇಳಿದ್ದೀನಿ. ದಯವಿಟ್ಟು ನೀವೂ ಹಾಗೇ ಹೇಳಿ.

ಮೊನ್ನೆ ರಾತ್ರಿ ಅಮ್ಮನೇ ಫೋನ್ ಮಾಡಿದರು. ಕೊಲ್ಲೂರಿನ ಸುದ್ದಿ ಎತ್ತಲಿಲ್ಲ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, 'ಅಲ್ವೇ, ಆ ಮನೆ ಮುಂದೆ ಮರಳಲ್ಲಿ ಅಂದ್ಯಲ್ಲ, ನನಗೆ ನೆಲದ ಮೇಲೆ ಕೂತರೆ ಏಳೋಕಾಗಲ್ಲ. ಕುರ್ಚಿ ಗಿರ್ಚಿ ಇರುತ್ತೇನೋ ಕೇಳು' ಅಂದರು.

ಕೇಳಿದೆ. ಎರಡು ಉಂಟಂತೆ.