ರವದಿಗೆ ಬೆಂಕಿ ಬೇಡ

ಕಬ್ಬು ಕಟಾವಾದ ಹೊಲಗಳಲ್ಲಿ ಉಳಿಯುವ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡುವುದು ರಾಮದುರ್ಗ, ಸವದತ್ತಿ ಭಾಗದ ಮಲಪ್ರಭಾ ದಂಡೆಯಲ್ಲೂ ವಾಡಿಕೆಯಾಗಿಬಿಟ್ಟಿದೆ. ಗಾಳಿಯಿಂದ ಎಲೆ ಹೀರಿಟ್ಟ ಇಂಗಾಲ ಅರ್ಧ ತಾಸಿನಲ್ಲಿ ಹೊಗೆಯಾಗಿ ಮರಳಿ ಗಾಳಿ ಸೇರುತ್ತದೆ. ಜತೆಗೆ ರವದಿಯಲ್ಲಿದ್ದ ಸಾರಜನಕವೂ ಬಹುಪಾಲು ಹಾರಿಹೋಗುತ್ತದೆ. ಅದನ್ನೇ ಮುಂದೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಸುಟ್ಟ ರವದಿ ಮಣ್ಣಿನ ಸಾವಯವ ಇಂಗಾಲವಾಗಿ ಉಳಿಯದು; ಅದು 0.5%ಕ್ಕಿಂತ ಕೆಳಗಿದ್ದರೆ ಮಣ್ಣು ಆರೋಗ್ಯ ಚೀಟಿ ‘ಕಡಿಮೆ’ ಎನ್ನುತ್ತದೆ. ಎರೆಹೊಲವೆಂದ ಮಾತ್ರಕ್ಕೆ ಇದರಿಂದ ವಿನಾಯಿತಿ ಇಲ್ಲ. ಕಪ್ಪು ಬಣ್ಣವೇ ಸತ್ವವಲ್ಲ.

ರೈತನನ್ನಷ್ಟೇ ದೂರುವುದು ಸರಿಯಲ್ಲ. ಕೂಲಿ ಸಿಗದು, ಕೂಳೆ ಬೆಳೆಗೆ ನೀರು ಬಿಡುವ ಅವಸರ ಬೇರೆ. ರವದಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಡುವುದರಿಂದ ಬೆಳೆ ಹಳದಿಯಾಗುತ್ತದೆಂಬ ಅವನ ಅಂಜಿಕೆಯೂ ಸುಳ್ಳಲ್ಲ. ಸಾಲು ಬಿಟ್ಟು ಸಾಲಿಗೆ ರವದಿ ಹರಡಿ, ಮೇಲೆ ತುಸು ಯೂರಿಯಾ, ಸಗಣಿ ರಾಡಿ ಹಾಕುವುದು ಅದಕ್ಕೆ ಪರಿಹಾರ. ಬೆಂಕಿ ಇಟ್ಟವರಿಗೆ ದಂಡ ಹಾಕುವ ಮಾತು ಆಮೇಲಿರಲಿ. ಕಬ್ಬು ಒಯ್ಯುವ ಕಾರ್ಖಾನೆಗಳು ಮತ್ತು ಕೃಷಿ ಇಲಾಖೆ ಕಟಾವಿಗೆ ಮುನ್ನವೇ ರವದಿ ಪುಡಿ ಮಾಡುವ ಯಂತ್ರಗಳನ್ನು ಊರೂರಿಗೆ ಬಾಡಿಗೆಗೆ ಒದಗಿಸಬೇಕು.