ಕಾಂಟ್ರಾಸ್ಟ್ ಮದ್ದು: ಭಯವೂ ಬೇಡ, ಮೌನವೂ ಬೇಡ

ತಲೆಬುರುಡೆಯನ್ನು ತೆರೆಯದೆ ಮಿದುಳಿನ ವ್ಯಾಧಿಯನ್ನು ಕಂಡುಕೊಳ್ಳಲು ಎಂ.ಆರ್.ಐ. ಯಂತ್ರವು ಮಾಡಿರುವ ಉಪಕಾರ ಅಪಾರವಾದುದು. ಕ್ಷ-ಕಿರಣಗಳ ಹಂಗಿಲ್ಲದೆ, ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳಿಂದಲೇ ಚಿತ್ರವನ್ನು ಮೂಡಿಸುವ ಈ ವಿದ್ಯೆಗಾಗಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಗಡ್ಡೆಯ ಎಲ್ಲೆ, ಸೋಂಕಿನ ನೆಲೆ, ಹೊಸ ಉರಿಯೂತ ಇವು ನಿಚ್ಚಳವಾಗಿ ತೋರಬೇಕಾದರೆ ಹಲವು ವೇಳೆ ರಕ್ತನಾಳಕ್ಕೆ ಒಂದು ಮದ್ದನ್ನು ಚುಚ್ಚಬೇಕಾಗುತ್ತದೆ. ಕಾಂಟ್ರಾಸ್ಟ್ ಎಂದು ಕರೆಯಲಾಗುವ ಈ ಮದ್ದಿನ ಜೀವಾಳ ಗ್ಯಾಡೋಲಿನಿಯಂ ಎಂಬ ಲೋಹ. ಇದು ಎಷ್ಟರಮಟ್ಟಿಗೆ ನಿರಪಾಯವೆಂಬ ವಿಚಾರವನ್ನು ವಿದ್ಯಾವಂತರು ಅರಿತಿರುವುದು ಅವಶ್ಯ.

ಗ್ಯಾಡೋಲಿನಿಯಂ ಒಂಟಿಯಾಗಿದ್ದರೆ ವಿಷ. ಅದರ ಅಯಾನಿನ ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ಸಮೀಪವಾದುದರಿಂದ ಕ್ಯಾಲ್ಸಿಯಂ ನಡೆಸುವ ದೇಹಕಾರ್ಯಗಳಿಗೆ ಅದು ಅಡ್ಡಬರುತ್ತದೆ. ಆದಕಾರಣ ರಸಾಯನಜ್ಞರು ಅದನ್ನು ಸಾವಯವ ಅಣುವೊಂದರಲ್ಲಿ ಬಂಧಿಸಿ ಕೊಡುತ್ತಾರೆ. ಈ ಬಂಧನ ಎರಡು ಬಗೆ: ತೆರೆದ ಸರಪಳಿಯಂತಹುದು ಒಂದು, ಮುಚ್ಚಿದ ಬಳೆಯಂತಹುದು ಮತ್ತೊಂದು. ಬಳೆಯ ಹಿಡಿತವೇ ಹೆಚ್ಚು ಬಿಗಿ. ಆರೋಗ್ಯವಂತ ಮೂತ್ರಪಿಂಡಗಳು ಮದ್ದಿನ ಬಹುಭಾಗವನ್ನು ಒಂದು ದಿನದೊಳಗೆ ಹೊರಹಾಕುತ್ತವೆ.

ಅಮೆರಿಕದಲ್ಲಿ ಇಂತಹ ಮೊದಲ ಮದ್ದಿಗೆ 1988ರಲ್ಲಿ ಅನುಮತಿ ದೊರೆಯಿತು. ಮೂತ್ರಪಿಂಡಗಳು ಸೋತ ಕೆಲವು ರೋಗಿಗಳಲ್ಲಿ ಚರ್ಮ ಗಟ್ಟಿಯಾಗಿ ಕೀಲುಗಳು ಬಿಗಿಯುವ ದಾರುಣ ವ್ಯಾಧಿ 1997ರಿಂದ ಕಾಣಿಸಿಕೊಂಡಿತು; ಅದಕ್ಕೂ ಗ್ಯಾಡೋಲಿನಿಯಮಿಗೂ ಇರುವ ನಂಟು ಬಯಲಾದುದು 2006ರಲ್ಲಿ. ಅನಂತರ ಮೂತ್ರಪಿಂಡಗಳನ್ನು ಮುಂಚಿತವಾಗಿ ಪರೀಕ್ಷಿಸುವ ಪದ್ಧತಿ ಬಂದು, ಸಡಿಲ ಬಂಧನದ ಮದ್ದುಗಳು ಹಿಂದೆ ಸರಿದು, ಆ ವ್ಯಾಧಿ ಅತಿ ವಿರಳವಾಗಿದೆ. ಪದೇ ಪದೇ ಮದ್ದು ಪಡೆದವರ ಮಿದುಳಿನ ಕೆಲವು ಭಾಗಗಳಲ್ಲಿ ಅದರ ಗುರುತು ಉಳಿದಿರುವ ಸೂಚನೆಯನ್ನು ಜಪಾನಿನ ವೈದ್ಯರು 2014ರಲ್ಲಿ ಪ್ರಕಟಿಸಿದರು. ಮರಣೋತ್ತರ ಪರೀಕ್ಷೆಗಳು ಮರುವರ್ಷ ಅದನ್ನು ದೃಢಪಡಿಸಿದವು.

ಒಂದೇ ಸಾಕ್ಷ್ಯವನ್ನು ಮುಂದಿಟ್ಟುಕೊಂಡು 2017ರಲ್ಲಿ ಎರಡು ಬಗೆಯ ತೀರ್ಪುಗಳು ಬಂದವು. ಯುರೋಪಿನ ಔಷಧ ಸಂಸ್ಥೆಯು ಮಿದುಳಿನ ಚಿತ್ರಣಕ್ಕೆ ಸರಪಳಿ ಬಗೆಯ ಮದ್ದುಗಳ ಬಳಕೆಯನ್ನು ನಿಲ್ಲಿಸಿತು; ಯಕೃತ್ತು ಮತ್ತು ಕೀಲುಗಳ ಪರೀಕ್ಷೆಗೆ ಮಾತ್ರ ಕೆಲವನ್ನು ಉಳಿಸಿತು. ಅಮೆರಿಕದ ಸಂಸ್ಥೆಯು ಯಾವುದನ್ನೂ ನಿಷೇಧಿಸದೆ, ರೋಗಿಗೆ ಲಿಖಿತ ತಿಳಿವಳಿಕೆ ಕೊಡಬೇಕೆಂದು ವಿಧಿಸಿತು. ಮಿದುಳಿನಲ್ಲಿ ಉಳಿದ ಲೋಹದಿಂದ ಹಾನಿಯಾಯಿತೆಂಬುದಕ್ಕೆ ಪುರಾವೆಯಿಲ್ಲವೆಂದು ಇಬ್ಬರೂ ಒಪ್ಪಿದರು. ಆದರೂ ಯುರೋಪಿನ ನಡೆಯೇ ಶ್ಲಾಘ್ಯವಾದುದು. ಸಮಾನ ಪ್ರಯೋಜನದ ಬಿಗಿ ಬಂಧನ ಕೈಯಲ್ಲಿರುವಾಗ ಸಡಿಲವಾದುದನ್ನು ಆಯ್ದುಕೊಂಡು, ಹಾನಿ ಸಿದ್ಧವಾಗಲೆಂದು ಕಾದು ಕೂರುವುದು ವಿವೇಕವಲ್ಲ.

ಹಾಗೆಂದು ಭಯದಿಂದ ಮದ್ದನ್ನೇ ನಿರಾಕರಿಸುವುದೂ ಸಲ್ಲದು. ಶೇಷವಾಗಿ ಉಳಿಯುವ ಲೋಹದ ಹಾನಿ ಇಂದಿಗೆ ಶಂಕೆ ಮಾತ್ರ; ಕಣ್ತಪ್ಪಿ ಹೋದ ಗಡ್ಡೆಯ ಹಾನಿ ಪ್ರತ್ಯಕ್ಷ. ಅಗತ್ಯವೇ ಇಲ್ಲಿ ಅಳತೆಗೋಲು. ಪ್ರತಿಯೊಂದು ತಲೆನೋವಿಗೂ ಈ ಚುಚ್ಚುಮದ್ದು ಬೇಕಿಲ್ಲ. ವರ್ಷವರ್ಷವೂ ಚಿತ್ರಣಕ್ಕೆ ಒಳಗಾಗುವವರ ವಿಷಯದಲ್ಲಿ ಪ್ರತಿ ಸಲವೂ ಹೊಸದಾಗಿ ಆಲೋಚಿಸಬೇಕು.

ಆಲೋಚಿಸುವವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ರೋಗಿಗೆ ಬಾರದ ಭಾಷೆಯ ಒಪ್ಪಿಗೆಪತ್ರದ ಮೇಲೆ ಅವನ ರುಜು ಬಿದ್ದ ಮಾತ್ರಕ್ಕೆ ಅದು ಒಪ್ಪಿಗೆಯಾಗದು. ಮದ್ದು ಏಕೆ ಬೇಕು, ಯಾವ ಬಗೆಯದು, ಮೂತ್ರಪಿಂಡಗಳ ಸ್ಥಿತಿ ನೋಡಲಾಗಿದೆಯೇ, ಹಿಂದೆ ಎಷ್ಟು ಸಲ ಕೊಡಲಾಗಿದೆ, ಒಗ್ಗದಿಕೆಯಾಗಿತ್ತೇ, ಸ್ತ್ರೀಯಾದರೆ ಗರ್ಭಿಣಿಯೇ ಎಂಬ ಮಾತುಗಳು ರೋಗಿಯ ನುಡಿಯಲ್ಲಿಯೇ ನಡೆಯಬೇಕು. ಕೊಟ್ಟ ಮದ್ದಿನ ಹೆಸರು, ಪ್ರಮಾಣ ಮತ್ತು ದಿನಾಂಕ ವರದಿಯಲ್ಲಿರಬೇಕು. ಆ ವರದಿಯನ್ನು ರೋಗಿ ಜೋಪಾನ ಮಾಡಬೇಕು.

ಹನ್ನೆರಡನೆಯ ಶತಮಾನದ ಶರಣರು ಪರತತ್ತ್ವದಂತಹ ಗಹನ ವಿಷಯವನ್ನೇ ಜನರ ಕನ್ನಡದಲ್ಲಿ ಹೇಳಿದರು. ಪ್ರಶ್ನಿಸುವುದನ್ನು ಅವರು ಅವಿನಯವೆಂದು ಬಗೆಯಲಿಲ್ಲ. ಆ ಪರಂಪರೆಯ ನೆರಳಿನಲ್ಲಿ ಅಕ್ಷರ ಕಲಿತು ವೈದ್ಯರಾದವರಿಗೆ ಮೂತ್ರಪಿಂಡದ ಮಾತನ್ನು ಕನ್ನಡದಲ್ಲಿ ತಿಳಿಹೇಳುವುದು ಕಷ್ಟವಾಗಬಾರದು. ಅಧ್ಯಾಪಕರು ಮಕ್ಕಳಿಗೆ ಕೇಳುವುದನ್ನು ಕಲಿಸಲಿ. ವೈದ್ಯಾಲಯಗಳಿಗೆ ಯಂತ್ರ ಕೊಡಿಸುವ ದಾನಿಗಳು ಅದರೊಡನೆ ಒಂದು ಪುಟದ ಕನ್ನಡ ತಿಳಿವಳಿಕೆಪತ್ರವನ್ನೂ ಅಚ್ಚುಮಾಡಿಸಲಿ. ಯಂತ್ರದ ಬೆಲೆಯ ಮುಂದೆ ಅದರ ವೆಚ್ಚ ಅತ್ಯಲ್ಪ. ರೋಗಿಗೆ ಅದರಿಂದಾಗುವ ರಕ್ಷಣೆ ಅಲ್ಪವಲ್ಲ.